ಕೇರಿ ಆರಿಸಿ ತಂದ ಕಾಳು

ಮೂವತ್ತೆರಡು ವರ್ಷ ನಾನು ಕೋಳಿಗಳ ಅಡುಗೆಮನೆಯಲ್ಲಿ ಕೆಲಸ ಮಾಡಿದೆ. ಹೀಗೆಂದರೆ ಅಜ್ಜಂಪುರದ ನಮ್ಮ ಬೀದಿಯವರು ಈಗಲೂ ನಗುತ್ತಾರೆ. ನಮ್ಮದು ಮಠಕ್ಕೆ ನಡೆದುಕೊಳ್ಳುವ ಮನೆತನ. ಮೊಟ್ಟೆಯ ಸಿಪ್ಪೆ ಕೂಡ ಹೊಸಿಲು ದಾಟಿ ಒಳಗೆ ಬಂದದ್ದಿಲ್ಲ. ಅಂಥ ಮನೆಯ ಹುಡುಗಿ ಬಿ.ಎಸ್ಸಿ. ಮುಗಿಸಿ, ಕಡೂರಿನ ಹೊರವಲಯದ ಕೋಳಿ ಮೇವಿನ ಮಿಲ್ಲಿಗೆ ಕೆಲಸಕ್ಕೆ ಹೊರಟಾಗ ಅಪ್ಪ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಊಟಕ್ಕೆ ಕೂತಾಗ, "ಕೋಳಿ ಮುಟ್ಟೋ ಕೆಲ್ಸ ಏನಾದ್ರೂ ಐತೇನವ್ವ?" ಎಂದು ಕೇಳಿದರು.

"ಇಲ್ಲಪ್ಪ, ಕೋಳಿ ತಿನ್ನೋ ಕಾಳು ನೋಡೋದು ಅಷ್ಟೇ."

"ಹಂಗಾದ್ರೆ ಹೋಗು. ಕಾಳು ನೋಡೋದ್ರಲ್ಲಿ ತಪ್ಪೇನೈತೆ."

ಮಾರನೆಯ ದಿನ ಬೆಳಗಿನ ಪ್ಯಾಸೆಂಜರ್ ರೈಲು ಹತ್ತಿದೆ. ಆಮೇಲೆ ಆ ರೈಲಿನಲ್ಲಿ ನನ್ನ ಅರ್ಧ ಆಯುಷ್ಯ ಕಳೆಯಿತು. ಮದುವೆಯೂ ಅಜ್ಜಂಪುರದಲ್ಲೇ ಆದದ್ದರಿಂದ ರೈಲು ಬದಲಾಗಲಿಲ್ಲ.

ನನ್ನ ಜಾಗಕ್ಕೆ ಈಗ ಇಬ್ಬರು ಹುಡುಗಿಯರು ಬಂದಿದ್ದಾರೆ. ವಾರಕ್ಕೊಂದು ಸಲವಾದರೂ ಫೋನ್ ಮಾಡಿ ಏನಾದರೂ ಕೇಳುತ್ತಾರೆ. "ಮೇಡಂ, ಇದನ್ನೆಲ್ಲ ಬರೆದಿಡಿ, ನಿಮಗೂ ಹೊತ್ತು ಹೋಗುತ್ತೆ" ಎಂದದ್ದು ಅವರೇ. ಹೊತ್ತು ಹೋಗದೆ ನಾನೇನೂ ಒದ್ದಾಡುತ್ತಿಲ್ಲ. ಆದರೂ ಬರೆಯುತ್ತಿದ್ದೇನೆ. ಎರಡು ಸಲ ಬಡ್ತಿ ಸಿಕ್ಕಿತು, ಎರಡು ಸಲವೂ ಕುರ್ಚಿ ಬದಲಾಯಿತು. ಅದರ ಬಗ್ಗೆ ಇಷ್ಟು ಸಾಕು.

ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ಮೆಕ್ಕೆಜೋಳ ಸರಿಯಾಗಿ ಒಣಗದಿದ್ದರೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಕಣ್ಣಿಗೆ ಕಾಣುತ್ತದೆ, ಅದಕ್ಕೆ ನಮ್ಮಂಥವರು ಬೇಕಾಗಿಲ್ಲ. ಆದರೆ ಕೆಲವು ಬೂಷ್ಟು ಕಾಳಿನೊಳಗೆ ವಿಷ ಬಿಡುತ್ತದೆ. ಅದರ ಹೆಸರು ಅಫ್ಲಟಾಕ್ಸಿನ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಬೂಷ್ಟು ಉದುರಿಹೋದ ಮೇಲೂ ಅದು ಉಳಿದಿರುತ್ತದೆ. ನೂರು ಕೋಟಿ ಪಾಲಿನಲ್ಲಿ ಎಷ್ಟು ಪಾಲು ಇದೆ ಎಂದು ಅಳೆಯಬೇಕಾದಷ್ಟು ಕಡಿಮೆ, ಆದರೆ ಕೋಳಿಮರಿಯ ಪಿತ್ತಜನಕಾಂಗ ಹಾಳುಮಾಡಲು ಅಷ್ಟು ಸಾಕು. ಹಸು ತಿಂದರೆ ಹಾಲಿಗೆ ಇಳಿಯುತ್ತದೆ. ಒಂದು ಲೋಡಿನಲ್ಲಿ ಎಲ್ಲ ಕಾಳೂ ಕೆಟ್ಟಿರುವುದಿಲ್ಲ. ಯಾವುದೋ ಮೂಲೆಯಲ್ಲಿ ಒಂದು ಬೊಗಸೆ ಇರುತ್ತದೆ. ಆ ಬೊಗಸೆಯನ್ನು ಹುಡುಕುವುದೇ ನಮ್ಮ ಕೆಲಸ.

ನನಗೆ ಕೆಲಸ ಕಲಿಸಿದವರು ವೆಂಕಟರಾಮಯ್ಯ ಸಾರ್. ಲ್ಯಾಬಿಗೆ ಮುಖ್ಯಸ್ಥರು. ನಶ್ಯ ಹಾಕುವ ಮನುಷ್ಯ, ಆದರೆ ಅವರ ಮೂಗಿನಷ್ಟು ಚುರುಕಾದ ಮೂಗನ್ನು ನಾನು ಕಂಡಿಲ್ಲ. ಲಾರಿ ಗೇಟಿನ ಒಳಗೆ ಬರುವಾಗಲೇ "ಇದು ಮಳೇಲಿ ನೆಂದಿದೆ" ಎನ್ನುತ್ತಿದ್ದರು. ಮೊದಲ ದಿನ ನನ್ನ ಕೈಗೆ ಒಂದು ಮಾರುದ್ದದ ಹಿತ್ತಾಳೆಯ ಕೊಳವೆ ಕೊಟ್ಟರು. ಚೀಲಕ್ಕೆ ಚುಚ್ಚಿದರೆ ಮೇಲಿನಿಂದ ತಳದವರೆಗಿನ ಕಾಳು ಅದರೊಳಗೆ ತುಂಬಿಕೊಳ್ಳುತ್ತದೆ.

"ಸುಮಂಗಲಾ, ಒಂದು ಮಾತು ತಿಳ್ಕೋ. ಅವ್ರು ಕೈಯಲ್ಲಿ ಹಿಡಿದು ತೋರಿಸೋ ಕಾಳನ್ನ ಯಾವತ್ತೂ ನೋಡಬೇಡ. ಇದನ್ನ ಹಿಡ್ಕೊಂಡು ನೀನೇ ಹೋಗಿ ಚುಚ್ಚು."

"ಯಾಕೆ ಸಾರ್, ರೈತರು ಮೋಸ ಮಾಡ್ತಾರಾ?"

"ಮೋಸ ಅಲ್ಲ ಕಣಮ್ಮ, ಮರ್ಯಾದೆ. ನಿಮ್ಮನೆಗೆ ಹೆಣ್ಣು ನೋಡಕ್ಕೆ ಬಂದಾಗ ನಿಂಗೆ ಹರಿದ ಸೀರೆ ಉಡಿಸಿ ಕೂರಿಸಿದ್ರಾ?"

ಈ ಮಾತು ನನಗೆ ಆಗ ತಮಾಷೆಯಾಗಿ ಕಂಡಿತು. ಅದರ ಅರ್ಥ ಪೂರ್ತಿ ತಿಳಿಯಲು ಮೂವತ್ತು ವರ್ಷ ಹಿಡಿಯಿತು. ಆ ಕಥೆಗೆ ಆಮೇಲೆ ಬರುತ್ತೇನೆ.

ಆಗಿನ ಕಾಲದಲ್ಲಿ ನಮಗಿದ್ದ ದೊಡ್ಡ ಯಂತ್ರವೆಂದರೆ ಕಪ್ಪು ದೀಪ, ಅಂದರೆ ನೇರಳಾತೀತ ಬೆಳಕಿನ ದೀಪ. ಕತ್ತಲೆ ಕೋಣೆಯಲ್ಲಿ ಒಡೆದ ಜೋಳವನ್ನು ತಟ್ಟೆಗೆ ಹರಡಿ, ಮೇಲೆ ಆ ದೀಪ ಹಿಡಿಯುವುದು. ಕೆಟ್ಟ ಕಾಳಿದ್ದರೆ ಹಸಿರು ಹಳದಿ ಬೆರೆತ ಬಣ್ಣದಲ್ಲಿ ಮಿಂಚುಹುಳದ ಹಾಗೆ ಹೊಳೆಯುತ್ತಿತ್ತು. ಹೊಳೆದರೆ ವಿಷ ಇದೆ ಎಂದೇ ಅಲ್ಲ, ಇರಬಹುದು ಎಂಬ ಸುಳಿವು. ಕೆಲಸಕ್ಕೆ ಸೇರಿದ ಎರಡನೆಯ ತಿಂಗಳು ಸಾರ್ ರಜೆಯಲ್ಲಿದ್ದಾಗ ತರೀಕೆರೆಯ ವ್ಯಾಪಾರಿ ರುದ್ರಪ್ಪನವರ ಲಾರಿ ಬಂತು. ತಟ್ಟೆ ಹರಡಿ ದೀಪ ಹಾಕಿದೆ. ನೋಡಿದರೆ ತಟ್ಟೆ ತುಂಬ ನಕ್ಷತ್ರ. ಓಡಿಹೋಗಿ ಲಾರಿ ಇಳಿಸಬೇಡಿ, ವಾಪಸ್ ಕಳಿಸಿ ಎಂದೆ.

ರುದ್ರಪ್ಪನವರು ಬಿಳಿ ಪಂಚೆ ಎತ್ತಿ ಹಿಡಿದುಕೊಂಡು ನೇರ ಕತ್ತಲೆ ಕೋಣೆಗೇ ನುಗ್ಗಿದರು. "ಎಲ್ಲಮ್ಮಾ, ಏನು ಹೊಳೀತಾ ಐತೆ, ನಂಗೂ ತೋರ್ಸು" ಎಂದರು. ನಾನು ದೀಪ ಹಾಕಿದೆ. ಮೊದಲು ಹೊಳೆದದ್ದು ಅವರ ಪಂಚೆ. ಹುಣ್ಣಿಮೆ ಚಂದ್ರನ ಹಾಗೆ ನೀಲಿ ಬಿಳುಪಾಗಿ ಇಡೀ ಕೋಣೆಗೆ ಬೆಳಕು ಕೊಡುವಂತಿತ್ತು. ಅವರು ಕೆಳಗೆ ನೋಡಿಕೊಂಡರು, ನನ್ನ ಮುಖ ನೋಡಿದರು.

"ಏನಮ್ಮಾ, ನಂಗೂ ಬೂಷ್ಟು ಹಿಡಿದೈತಾ?"

ಬಟ್ಟೆ ಸೋಪಿನ ಪುಡಿಯಲ್ಲಿ ಬಿಳುಪಿಗೆಂದು ಹಾಕುವ ವಸ್ತು ಆ ದೀಪದಲ್ಲಿ ಹೊಳೆಯುತ್ತದೆ. ಹಿಂದಿನ ದಿನ ಒಗೆದು ಒಣಗಿಸಿದ ಬಿಳಿ ಟವೆಲ್ಲಿನಲ್ಲಿ ನಾನೇ ತಟ್ಟೆ ಒರೆಸಿದ್ದೆ. ಅದರ ನೂಲಿನ ಎಳೆಗಳು ಕಾಳಿಗೆ ಅಂಟಿಕೊಂಡು ನಕ್ಷತ್ರಗಳಾಗಿದ್ದವು. ಬಣ್ಣ ಹಸಿರೋ ನೀಲಿಯೋ ಎಂದು ನೋಡುವಷ್ಟು ತಾಳ್ಮೆ ನನಗಿರಲಿಲ್ಲ. ಕೈಮುಗಿದು ತಪ್ಪಾಯಿತು ಎಂದೆ. ರುದ್ರಪ್ಪನವರು ಬೈಯುವ ಬದಲು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಲ್ಲಿಂದ ಮುಂದೆ ಅವರು ಮಿಲ್ಲಿಗೆ ಬಂದಾಗಲೆಲ್ಲ ಬಣ್ಣದ ಲುಂಗಿ ಉಟ್ಟು ಬರುತ್ತಿದ್ದರು. "ಈ ಹುಡುಗಿ ನನ್ನನ್ನೇ ವಾಪಸ್ ಕಳಿಸಿಬಿಟ್ಟಾಳು" ಎಂದು ಗೇಟಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದರು.

ದೀಪ ಹೋಗಿ ಗಾಜಿನ ಫಲಕಗಳು ಬಂದವು. ಜೋಳ ಬೀಸಿ, ಕ್ಲೋರೋಫಾರಂನಲ್ಲಿ ಅಲ್ಲಾಡಿಸಿ, ಸೋಸಿ, ಫಲಕದ ಮೇಲೆ ಚುಕ್ಕೆ ಇಟ್ಟು, ಅದು ಮೇಲಕ್ಕೆ ಹತ್ತುವವರೆಗೆ ಕಾಯಬೇಕು. ಒಂದು ಲೋಡಿಗೆ ಅರ್ಧ ದಿನ. ಸಂಜೆ ರೈಲಿನಲ್ಲಿ ಪಕ್ಕದಲ್ಲಿ ಕೂತವರು ನನ್ನ ಸೀರೆಯ ವಾಸನೆಗೆ ಮೂಗು ಮುಚ್ಚಿಕೊಂಡು, "ಆಸ್ಪತ್ರೇಲಿ ಕೆಲಸವಾ?" ಎಂದು ಕೇಳುತ್ತಿದ್ದರು. ಹೌದು ಎನ್ನುತ್ತಿದ್ದೆ. ಕೋಳಿ ಮೇವು ಎಂದು ವಿವರಿಸುವುದಕ್ಕಿಂತ ಅದು ಸುಲಭವಾಗಿತ್ತು.

ಆಮೇಲೆ ಸಣ್ಣ ಸಣ್ಣ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಯ ಪರೀಕ್ಷೆ ಬಂತು. ಅದರಲ್ಲಿ ಬಣ್ಣ ಗಾಢವಾದಷ್ಟೂ ಕಾಳು ಒಳ್ಳೆಯದು, ಬಣ್ಣ ತಿಳಿಯಾದಷ್ಟೂ ವಿಷ ಜಾಸ್ತಿ. ಹೊಸದಾಗಿ ಬಂದಿದ್ದ ಮ್ಯಾನೇಜರ್ ಒಬ್ಬರಿಗೆ ಇದು ಗೊತ್ತಿರಲಿಲ್ಲ. ಒಂದು ದಿನ ಪೂರಾ ತಿಳಿಯಾಗಿದ್ದ ಸಾಲನ್ನು ನೋಡಿ, "ವೆರಿ ಗುಡ್, ಎಷ್ಟು ಕ್ಲೀನಾಗಿದೆ, ಇಳಿಸ್ಕೊಳ್ಳಿ" ಎಂದು ಬೆನ್ನು ತಟ್ಟಿ ಹೋದರು. ವೆಂಕಟರಾಮಯ್ಯ ಸಾರ್ ನಶ್ಯದ ಡಬ್ಬಿ ತೆಗೆದರು. ಮ್ಯಾನೇಜರ್ ಮೆಟ್ಟಿಲು ಇಳಿದ ಮೇಲೆ ಗೇಟಿಗೆ ಫೋನ್ ಮಾಡಿ ಲಾರಿ ವಾಪಸ್ ಕಳಿಸಿದರು. ಸಂಜೆ ಮ್ಯಾನೇಜರ್ ಕೇಳಿದಾಗ, "ನೀವು ಹೇಳಿದ ಹಾಗೇ ಕ್ಲೀನ್ ಮಾಡಿದ್ವಿ ಸಾರ್" ಎಂದರಂತೆ.

ಈಗಿರುವುದು ಕಾಗದದ ಪಟ್ಟಿ. ಬೆರಳಗಲ. ಹತ್ತೇ ನಿಮಿಷ. ಎರಡು ಗೆರೆ ಮೂಡಿದರೆ ನೆಮ್ಮದಿ, ಒಂದೇ ಮೂಡಿದರೆ ಲಾರಿ ವಾಪಸ್. ಹೊಸ ಹುಡುಗಿಯರು ಇದನ್ನು ಕಣ್ಣುಮುಚ್ಚಿ ಮಾಡುತ್ತಾರೆ. ನಾನು ಅವರಿಗೆ ಹೇಳುವುದು ಒಂದೇ. ಪಟ್ಟಿ ಸುಳ್ಳು ಹೇಳುವುದಿಲ್ಲ, ಆದರೆ ಅದರ ಮೇಲೆ ಬಿಟ್ಟ ಹನಿಯ ಬಗ್ಗೆ ಮಾತ್ರ ಹೇಳುತ್ತದೆ. ಹೊರಗೆ ನಿಂತ ರಾಶಿಯ ಬಗ್ಗೆ ಅದಕ್ಕೇನೂ ಗೊತ್ತಿಲ್ಲ. ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಸಿಂಗಟಗೆರೆಯ ರಂಗಮ್ಮನವರಿಂದ.

ನನ್ನ ನಿವೃತ್ತಿಗೆ ಇನ್ನೆರಡು ವರ್ಷ ಇತ್ತು. ಶನಿವಾರ ಮಧ್ಯಾಹ್ನ ಸುತ್ತಿನ ಹಳ್ಳಿಯವರು ತಮ್ಮ ಮನೆಬಳಕೆಯ ಕಾಳು ತಂದರೆ ಪುಕ್ಕಟೆ ನೋಡಿಕೊಡುವ ಪದ್ಧತಿ ಮಿಲ್ಲಿನಲ್ಲಿತ್ತು. ಅಂಥ ಒಂದು ಶನಿವಾರ ರಂಗಮ್ಮ ಬಂದರು. ಐವತ್ತರ ಆಸುಪಾಸಿನ ಗಟ್ಟಿಮುಟ್ಟಾದ ಹೆಂಗಸು. ನಾಲ್ಕು ಹಸು ಕಟ್ಟಿದ್ದಾರೆ. ಮಗಳು ಹೆರಿಗೆಗೆಂದು ತವರಿಗೆ ಬಂದು, ಮಗುವಾಗಿ ಮೂರು ವಾರ. ಹೊಲದ ಮೆಕ್ಕೆಜೋಳವನ್ನು ನುಚ್ಚು ಮಾಡಿಸಿ ಹಸುಗಳಿಗೆ ಹಾಕಬೇಕು ಎಂದುಕೊಂಡಿದ್ದರು. ಹಾಲಿನಲ್ಲಿ ವಿಷ ಬರುತ್ತದೆ ಎಂದು ಯಾರೋ ಹೇಳಿದ್ದು ಕೇಳಿ ದಿಗಿಲಾಗಿತ್ತು.

"ಬಾಣಂತಿ ಕುಡಿಯೋ ಹಾಲು ಅಕ್ಕ. ಅವ್ಳು ಕುಡಿದ್ರೆ ಕೂಸು ಕುಡಿದಂಗೇ ಅಲ್ವಾ. ನೀವು ನೋಡಿ ಹಾಕಬೋದು ಅಂದ್ರೆ ಸ್ವಾಮಾರದಿಂದ ಹಾಕ್ತೀನಿ, ಇಲ್ಲ ಅಂದ್ರೆ ಇಲ್ಲ."

ಬಟ್ಟೆಯ ಕೈಚೀಲದಲ್ಲಿ ಎರಡು ಸೇರಿನಷ್ಟು ಕಾಳು ತಂದಿದ್ದರು. ಬಂಗಾರದ ಬಣ್ಣ. ಬೀಸಿ, ಅಲ್ಲಾಡಿಸಿ, ಪಟ್ಟಿ ಹಾಕಿದೆ. ಎರಡು ಗೆರೆ ಗಾಢವಾಗಿ ಮೂಡಿದವು. ನನ್ನ ರೈಲಿಗೆ ಹೊತ್ತಾಗುತ್ತಿತ್ತು. ಚೀಟಿಯ ಮೇಲೆ "ಹಸುಗಳಿಗೆ ಹಾಕಬಹುದು" ಎಂದು ಬರೆದು, ಸಹಿ ಮಾಡಿ, ಮಿಲ್ಲಿನ ಸೀಲು ಒತ್ತಿ ಕೊಟ್ಟೆ. ರಂಗಮ್ಮ ಚೀಟಿಯನ್ನು ಕಣ್ಣಿಗೊತ್ತಿಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಬಾಗಿಲಲ್ಲಿ ನಿಂತು, "ನಮ್ಮ ಮಾವನ ಹಗೇವು ಅಂದ್ರೆ ಸುಮ್ನೆ ಅಲ್ಲ ಬಿಡಿ" ಎಂದು ಹೆಮ್ಮೆಯಿಂದ ಹೇಳಿ ಹೋದರು.

ರೈಲು ಬೀರೂರು ದಾಟಿತ್ತು. ದಿನಾ ಆ ಹೊತ್ತಿಗೆ ನಾನು ಸೀರೆಯ ಮೇಲಿನ ಜೋಳದ ಧೂಳು ಕೊಡವಿಕೊಳ್ಳುತ್ತೇನೆ. ಅವತ್ತು ಕೈ ಹಾಕಿದರೆ ಕೊಡವಲು ಏನೂ ಇರಲಿಲ್ಲ. ಶನಿವಾರವಾದ್ದರಿಂದ ಲಾರಿ ಬಂದಿರಲಿಲ್ಲ, ನಾನು ಬೀಸಿದ್ದು ರಂಗಮ್ಮನವರ ಕಾಳು ಮಾತ್ರ. ರಾಶಿಯಿಂದ ತೆಗೆದ ಜೋಳದಲ್ಲಿ ದಿಂಡಿನ ಚೂರು, ಹೊಟ್ಟು, ಒಡೆದ ಕಾಳು, ಮಣ್ಣು ಇದ್ದೇ ಇರುತ್ತದೆ. ಇದರಲ್ಲಿ ಒಂದೂ ಇರಲಿಲ್ಲ. ಅಷ್ಟರಲ್ಲಿ ಅವರು ಬಾಗಿಲಲ್ಲಿ ಹೇಳಿದ ಮಾತೂ ತಲೆಗೆ ಹತ್ತಿತು. ಹಗೇವು. ನೆಲದೊಳಗಿನ ಕಣಜ. ಅದರಲ್ಲಿ ರಾಗಿ ಇಡುತ್ತಾರೆ. ಮೆಕ್ಕೆಜೋಳವನ್ನು ಯಾರಾದರೂ ಹಗೇವಿಗೆ ಹಾಕಿದ್ದನ್ನು ನಾನು ಕೇಳಿರಲಿಲ್ಲ.

ನಾನು ಆ ಹೆಂಗಸಿನ ರಾಶಿ ನೋಡಿಲ್ಲ, ಅವಳ ಮರ್ಯಾದೆಯನ್ನು ಮಾತ್ರ ನೋಡಿ ಸಹಿ ಹಾಕಿದ್ದೇನೆ ಎಂದು ಗೊತ್ತಾಯಿತು. ರಿಜಿಸ್ಟರಿನಲ್ಲಿ ಫೋನ್ ನಂಬರಿಗೆ ಜಾಗವಿತ್ತು, ನಾನು ಬರೆದುಕೊಂಡಿರಲಿಲ್ಲ. ಮೂವತ್ತು ವರ್ಷ ಅನುಭವವಿರುವ ಮೇಡಂ ಮಾಡಿದ ಕೆಲಸ ಇದು. ಮನೆಗೆ ಬಂದು ಹೇಳಿದಾಗ ನನ್ನ ಗಂಡ, "ನಾಳೆ ಭಾನುವಾರ. ಸೋಮವಾರಕ್ಕೆ ಇನ್ನೂ ಒಂದು ದಿನ ಐತಲ್ಲ, ಬೆಳಿಗ್ಗೇನೇ ಹೋಗು" ಎಂದರು. ಅವರಿಗೆ ಅಡುಗೆ ನೋಡಿಕೊಳ್ಳಿ ಎಂದು ಹೇಳಿ, ಬೆಳಿಗ್ಗೆ ಎರಡು ಬಸ್ಸು ಬದಲಾಯಿಸಿ ಸಿಂಗಟಗೆರೆ ತಲುಪಿದೆ. ದಾರಿಯುದ್ದಕ್ಕೂ ನನಗೆ ಆ ಕೂಸಿನದೇ ಯೋಚನೆ.

ರಂಗಮ್ಮ ಕೊಟ್ಟಿಗೆ ಗುಡಿಸುತ್ತಿದ್ದರು. "ಅಯ್ಯೋ, ಕಾಳು ನೋಡೋ ಅಕ್ಕ ಅಲ್ವಾ? ಬರ್ರಿ ಬರ್ರಿ."

"ಆ ಜೋಳ ಹಸುಗೆ ಹಾಕಿದ್ರಾ?"

"ನಾಳೆ ಅಲ್ವಾ ಸ್ವಾಮಾರ. ಈಗ ನುಚ್ಚು ಮಾಡಿಸ್ಕಂಡು ಬರಾಣ ಅಂತ ಹೊರಟಿದ್ದೆ."

ನಾನು ಜಗಲಿಯ ಮೇಲೆ ಕೂತು ನೀರು ಕೇಳಿದೆ. ಒಂದು ಚೊಂಬು ನೀರು ಪೂರ್ತಿ ಕುಡಿದು ಮಾತು ಶುರುಮಾಡಿದೆ.

"ರಂಗಮ್ಮ, ನಿನ್ನೆ ತಂದ ಕಾಳನ್ನ ಕೇರಿ ತಂದಿದ್ರಾ?"

"ಇನ್ನೇನಕ್ಕ. ಕಸಕಡ್ಡಿ ಇಟ್ಕಂಡು ನಿಮ್ಮಂಥೋರ ಮುಂದೆ ತರಕ್ಕಾಗುತ್ತಾ? ಮೊರದಲ್ಲಿ ಕೇರಿ, ಒಂದೊಂದೇ ಆರ್ಸಿ ತಂದಿದ್ದೆ. ಕರೇವು, ಮುಕ್ಕಾಗಿರವು ಎಲ್ಲ ತಿಪ್ಪೆಗೆ ಎಸ್ದೆ."

"ನಾನು ಹುಡುಕಬೇಕಾಗಿದ್ದೇ ನೀವು ತಿಪ್ಪೆಗೆ ಎಸೆದಿದ್ದನ್ನ."

ರಂಗಮ್ಮನವರ ಮುಖ ಸಪ್ಪಗಾಯಿತು. ಒಳಗಿನಿಂದ ಅವರ ಮಾವ ಕೆಂಚಪ್ಪಜ್ಜ ಕೋಲು ಊರಿಕೊಂಡು ಬಂದರು. ಎಂಬತ್ತು ದಾಟಿದ್ದರೂ ಇನ್ನೂ ಬಾಗದ ಬೆನ್ನು.

"ನೀನೇ ಬರ್ದುಕೊಟ್ಟಿದ್ದಲ್ವೇನವ್ವ, ಹಾಕಬೋದು ಅಂತ?"

"ತಪ್ಪಾಗಿ ಬರ್ದೆ ಅಜ್ಜ. ಆ ಚೀಟಿ ವಾಪಸ್ ಕೊಡಿ, ಹರಿದುಹಾಕ್ತೀನಿ."

"ಓದಿರೋರೂ ತಪ್ಪು ಬರೀತಾರಾ?"

"ಬರೀತಾರೆ ಅಜ್ಜ."

ರಂಗಮ್ಮ ಒಳಗೆ ಹೋಗಿ ದೇವರ ಪಟದ ಹಿಂದಿನಿಂದ ಚೀಟಿ ತಂದರು. ಮೂಲೆಗೆ ಅರಿಶಿನ ಕುಂಕುಮ ಹಚ್ಚಿದ್ದರು. ನನ್ನ ಸಹಿಗೆ ಅಂಥ ಮರ್ಯಾದೆ ಅದಕ್ಕೆ ಮೊದಲೂ ಸಿಕ್ಕಿರಲಿಲ್ಲ, ಆಮೇಲೂ ಸಿಗಲಿಲ್ಲ. ಅದನ್ನು ಅವರೆದುರೇ ನಾಲ್ಕು ಚೂರು ಮಾಡಿದೆ. ನಾಚಿಕೆಯಿಂದ ತಲೆಯೆತ್ತಲು ಆಗಲಿಲ್ಲ. ಸಂಬಳದ ಸಹಿಗಿಂತ ಆ ಒಂದು ಸಹಿ ನನಗೆ ಭಾರವಾಯಿತು.

"ಹಗೇವಲ್ಲಿ ರಾಗಿ ಹತ್ತು ವರ್ಷ ಇಟ್ಟು ತೆಗ್ದಿದೀನಿ ಕಣವ್ವ" ಎಂದರು ಅಜ್ಜ. "ನಮ್ಮ ಮುತ್ತಾತ ತೋಡಿಸಿದ ಹಗೇವು. ಈಗ ರಾಗಿ ಅಷ್ಟೊಂದು ಬೆಳೆಯಲ್ಲ, ಸುಮ್ನೆ ಬಿದ್ದೈತಲ್ಲ ಅಂತ ಜೋಳ ಹಾಕ್ದೆ. ರಾಗಿಗೆ ಒಗ್ಗಿದ್ದು ಜೋಳಕ್ಕೆ ಯಾಕೆ ಒಗ್ಗಲ್ಲ?"

ರಾಗಿ ಸಣ್ಣ ಕಾಳು, ಬೇಗ ಒಣಗುತ್ತದೆ, ಜೋಳದ ಹೊಟ್ಟೆಯೊಳಗೆ ನೀರು ಉಳಿದಿರುತ್ತದೆ ಎಂದೆಲ್ಲ ಹೇಳಿದೆ. ಅಜ್ಜ ತಲೆಯಾಡಿಸಿದರು, ಒಪ್ಪಿದ್ದಕ್ಕಲ್ಲ. "ಬಾ, ನೀನೇ ನೋಡು" ಎಂದು ಅಂಗಳಕ್ಕೆ ಕರೆದುಕೊಂಡು ಹೋದರು.

ಹಗೇವಿನ ಬಾಯಿಗೆ ಮುಚ್ಚಿದ್ದ ಚಪ್ಪಡಿ ಸರಿಸಿ ಗಾಳಿಯಾಡಲು ಬಿಟ್ಟರು. ಹಗೇವಿನೊಳಗೆ ಕೆಟ್ಟ ಗಾಳಿ ನಿಂತಿರುತ್ತದೆ, ಸುಮ್ಮನೆ ಇಳಿದವರು ಸತ್ತದ್ದೂ ಉಂಟು. ಗಂಟೆ ಕಳೆದ ಮೇಲೆ ಅಜ್ಜ ಹಗ್ಗ ಕಟ್ಟಿದ ಬಕೆಟ್ಟಿನಲ್ಲಿ ದೀಪ ಇಳಿಬಿಟ್ಟರು. ಆರಿತು. ಇನ್ನೂ ಒಂದು ಗಂಟೆ ಕಾದು ಮತ್ತೆ ಇಳಿಸಿದರು. ಈ ಸಲ ನಿಂತು ಉರಿಯಿತು. ನಮ್ಮ ಲ್ಯಾಬಿನಲ್ಲಿ ಅಷ್ಟು ನಿಷ್ಠೆಯಿಂದ ಪರೀಕ್ಷೆ ಮಾಡುವವರನ್ನು ನಾನು ಕಂಡದ್ದು ಕಡಿಮೆ, ಅದನ್ನು ಅಜ್ಜನಿಗೂ ಹೇಳಿದೆ. ಅವರ ಮುಖ ಸ್ವಲ್ಪ ಗೆಲುವಾಯಿತು.

ಪಕ್ಕದ ಮನೆಯ ಇಬ್ಬರು ಗಂಡಸರು ಇಳಿದು ಮಂಕರಿಯಲ್ಲಿ ತುಂಬಿ ತುಂಬಿ ಕೊಟ್ಟರು. ಮೇಲಿನದು, ನಡುವಿನದು, ತಳದ್ದು ಎಂದು ಮೂರು ಟಾರ್ಪಾಲಿನ ಮೇಲೆ ಮೂರು ರಾಶಿ ಮಾಡಿಸಿದೆ. ಮೇಲಿನದು ಒಣಗಿತ್ತು. ತಳಕ್ಕೆ ಹೋಗುತ್ತಿದ್ದ ಹಾಗೆ ಕಾಳು ಬಿಸಿಯಾಗಿತ್ತು. ಒಂದು ಮಗ್ಗುಲಿನಲ್ಲಿ ಹಸಿರು ಕಪ್ಪು ಮುದ್ದೆಯಾಗಿ ಗೋಡೆಗೆ ಅಂಟಿತ್ತು. ಒಳಗಿದ್ದವರು, "ಈ ಕಡೆ ಗ್ವಾಡೆ ನೀರು ಒಸರ್ತಾ ಐತೆ" ಎಂದು ಕೂಗಿ ಹೇಳಿದರು. ಆ ಗೋಡೆಗೆ ಎರಡು ಮೊಳ ಆಚೆ ಹೊಸ ನಲ್ಲಿಯ ಪೈಪು ಹೋಗಿತ್ತು. ಮನೆ ಮುಂದೆ ನಲ್ಲಿ ಬೇಕೇ ಬೇಕು ಎಂದು ಪಂಚಾಯ್ತಿಯವರ ಬೆನ್ನು ಹತ್ತಿ ಹಾಕಿಸಿಕೊಂಡವರು ರಂಗಮ್ಮ.

"ನೋಡು, ನಿನ್ನ ನಲ್ಲಿ ಮಾಡಿದ ಕೆಲ್ಸ" ಎಂದರು ಅಜ್ಜ.

"ನಲ್ಲಿ ನೀರಲ್ಲೇ ಅಲ್ವಾ ಮಾವ ದಿನಾ ನೀವು ಸ್ನಾನ ಮಾಡೋದು."

ಹಗೇವಿನ ಒಳಗಿದ್ದವರೂ ನಕ್ಕರು. ಅಜ್ಜ ನಡುವಿನ ರಾಶಿಗೆ ಕೈಹಾಕಿ ಬೊಗಸೆ ತುಂಬ ಎತ್ತಿದರು. ಬಂಗಾರದ ಹಾಗೆ ಇತ್ತು. ಒಂದು ಕಪ್ಪು ಕಾಳಿಲ್ಲ.

"ಆ ಮುದ್ದೆ ಬಿಸಾಕಾಣ, ಒಪ್ತೀನಿ. ಇದ್ರಲ್ಲಿ ವಿಷ ಐತೆ ಅಂದ್ರೆ ಮಾತ್ರ ನಾನು ನಂಬಲ್ಲ ಕಣವ್ವ."

"ನಂಬಬೇಡಿ ಅಜ್ಜ. ನಾನೂ ನೋಡಿನೇ ಹೇಳ್ತೀನಿ."

ಒಂದೊಂದು ರಾಶಿಯಲ್ಲೂ ಹದಿನಾರು ಕಡೆ ಕೈಹಾಕಿ, ಬುಡದಿಂದಲೂ ನಡುವಿನಿಂದಲೂ ತೆಗೆದು, ಬೆರೆಸಿ, ಮೂರು ಚೀಲ ಕಟ್ಟಿಕೊಂಡೆ. ರಂಗಮ್ಮ ಅಭ್ಯಾಸಬಲದಿಂದ ಮೊರ ತಂದು ನಿಂತಿದ್ದರು. ಕಣ್ಣಲ್ಲೇ ಬೇಡ ಎಂದೆ. ಅವರು ಮೊರವನ್ನು ಬೆನ್ನ ಹಿಂದೆ ಅಡಗಿಸಿಕೊಂಡರು.

ಸೋಮವಾರ ಬೆಳಿಗ್ಗೆ ಮೂರು ಪಟ್ಟಿ ಹಾಕಿ ಕೂತೆ. ಮೇಲಿನ ರಾಶಿಗೆ ಎರಡು ಗೆರೆ. ತಳದ್ದಕ್ಕೆ ಒಂದೇ, ಅದು ಗೊತ್ತಿದ್ದದ್ದೇ. ನಡುವಿನ ಬಂಗಾರಕ್ಕೂ ಒಂದೇ ಗೆರೆ. ನಂಬದೆ ಮತ್ತೆ ಮಾಡಿದೆ. ಮತ್ತೂ ಒಮ್ಮೆ ಮಾಡಿದೆ. ಮೂರು ಸಲವೂ ಒಂದೇ. ತಳದ ಹಬೆ ಮೇಲೇರಿ, ನಡುವಿನ ಕಾಳಿನೊಳಗೆ ಕಣ್ಣಿಗೆ ಕಾಣದಷ್ಟು ಬೂಷ್ಟು ಬೆಳೆಸಿ, ತನ್ನ ಕೆಲಸ ಮುಗಿಸಿತ್ತು. ಶನಿವಾರ ನಾನು ಬರೆದ ಚೀಟಿ ಉಳಿದಿದ್ದರೆ ಅವತ್ತು ಬೆಳಿಗ್ಗೆ ಆ ಹಸುಗಳ ಬಾನಿಗೆ ನುಚ್ಚು ಬಿದ್ದಿರುತ್ತಿತ್ತು. ಇನ್ನೊಂದು ವಾರದಲ್ಲಿ ಈ ಬಂಗಾರವೂ ಅದರಲ್ಲಿ ಸೇರುತ್ತಿತ್ತು.

ಬುಧವಾರ ಅರ್ಧ ದಿನ ರಜೆ ಹಾಕಿ ಹೋದೆ. ಅಜ್ಜ ಜಗಲಿಯಲ್ಲಿ ಕಾಯುತ್ತಿದ್ದರು.

"ನಡುವಿಂದು?"

"ಅದೂ ಹೋಯ್ತು ಅಜ್ಜ."

"ಬೇಯಿಸಿ ಹಾಕಿದ್ರೆ?"

"ಬೇಯಿಸಿದ್ರೆ ಬೂಷ್ಟು ಸಾಯುತ್ತೆ. ಅದು ಬಿಟ್ಟ ವಿಷ ಸಾಯಲ್ಲ."

ಅವರು ಅಂಗಳದ ಹಗೇವಿನ ಕಡೆ ನೋಡಿದರು. ಆಮೇಲೆ, "ಹಗೇವು ಕೆಟ್ಟಿದ್ದಲ್ಲ ತಾನೆ?" ಎಂದು ಕೇಳಿದರು.

"ಹಗೇವು ಒಳ್ಳೇದೇ ಅಜ್ಜ. ಜೋಳಕ್ಕೆ ಅದು ಸೇರಲ್ಲ, ಅಷ್ಟೇ. ಪೈಪು ರಿಪೇರಿ ಮಾಡಿಸಿ, ಒಣಗಿಸಿ, ರಾಗಿ ಹಾಕಿ ನೋಡಿ."

ಆ ಮಾತಿನಿಂದ ಅಜ್ಜನಿಗೆ ಸಮಾಧಾನವಾಯಿತು. ತಾವೇ ಮುಂದೆ ನಿಂತು ದನ ಸುಳಿಯದ ಮೂಲೆಯಲ್ಲಿ ಗುಂಡಿ ತೆಗೆಸಿ, ತಳದ ರಾಶಿ, ನಡುವಿನ ರಾಶಿ ಎರಡನ್ನೂ ಹಾಕಿಸಿ ಮಣ್ಣು ಮುಚ್ಚಿಸಿದರು. ಬಂಗಾರದಂಥ ಕಾಳು ಮಣ್ಣಿಗೆ ಬೀಳುವುದನ್ನು ನೋಡಿ ನನಗೂ ಸಂಕಟವಾಯಿತು. ಉಳಿದ ರಾಶಿಯನ್ನು ರಂಗಮ್ಮ ಬಿಸಿಲಿಗೆ ಹರಡಿ, ಸುರಿದರೆ ಕಲ್ಲಿನ ಹಾಗೆ ಸದ್ದು ಮಾಡುವವರೆಗೆ ಒಣಗಿಸಿದರು. ಅದನ್ನು ಕೇರದೆ ಆರಿಸದೆ ತಂದುಕೊಟ್ಟರು. ಕಸ, ಹೊಟ್ಟು, ಒಂದು ಸತ್ತ ಜೀರುಂಡೆ ಎಲ್ಲ ಇತ್ತು. ಅಷ್ಟು ಕೊಳಕು ಕಾಳು ನೋಡಿ ನನಗೆ ಯಾವತ್ತೂ ಅಷ್ಟು ಸಂತೋಷವಾಗಿರಲಿಲ್ಲ. ಎರಡು ಗೆರೆ ಮೂಡಿದ ಮೇಲೆ ಹಸುಗಳಿಗೆ ಹಾಕಲು ಶುರುಮಾಡಿದರು. ಆದರೂ ಹಾಲು ನೋಡುವವರೆಗೆ ಮಗಳಿಗೆ ಕೊಡುವುದಿಲ್ಲ ಎಂದು ಹಠ ಹಿಡಿದರು. ಮನೆಯಲ್ಲಿ ನಾಲ್ಕು ಹಸು ಕಟ್ಟಿಕೊಂಡು ಬಾಣಂತಿಗೆ ಅಂಗಡಿಯ ಪ್ಯಾಕೆಟ್ ಹಾಲು. ಕೇರಿಯವರೆಲ್ಲ ಆಡಿಕೊಂಡು ನಕ್ಕರಂತೆ.

ಎರಡು ವಾರ ಕಳೆದು ಒಂದು ಶನಿವಾರ ರಂಗಮ್ಮ ಸ್ಟೀಲ್ ಡಬ್ಬಿಯಲ್ಲಿ ಹಾಲು ತಂದರು. ಮೇಜಿನ ಮೇಲಿಟ್ಟು, "ಇದನ್ನ ಸೋಸಿಲ್ಲ ಅಕ್ಕ, ಹಂಗೇ ತಂದಿದೀನಿ. ನಾಲ್ಕೂ ಹಸುಂದು ಬೆರ್ಸಿದೀನಿ" ಎಂದರು. ಹಾಲಿನ ಪಟ್ಟಿ ಬೇರೆ, ನಮ್ಮಲ್ಲಿ ಇರಲಿಲ್ಲ. ಪರಿಚಯದವರೊಬ್ಬರನ್ನು ಕಾಡಿ ಬೇಡಿ ತರಿಸಿಟ್ಟುಕೊಂಡಿದ್ದೆ. ಪರೀಕ್ಷೆ ಚೆನ್ನಾಗಿ ಬಂತು. ಈ ಸಲ ಚೀಟಿಯಲ್ಲಿ "ಈ ದಿನ ತಂದ ಹಾಲಿನಲ್ಲಿ ವಿಷ ಕಂಡುಬಂದಿಲ್ಲ" ಎಂದು ಮಾತ್ರ ಬರೆದೆ. ಒಂದು ಅಕ್ಷರ ಹೆಚ್ಚಿಲ್ಲ. ಅಷ್ಟಕ್ಕೆ ನನಗೇ ಸಮಾಧಾನವಾಗದೆ ಮಾರನೆಯ ದಿನ ಮತ್ತೆ ಸಿಂಗಟಗೆರೆಯ ಬಸ್ಸು ಹತ್ತಿದೆ. ಮೇವು ಎಲ್ಲಿಟ್ಟಿದ್ದಾರೆ ಎಂದು ಕಣ್ಣಾರೆ ನೋಡಿದೆ. ಅಟ್ಟದ ಮೇಲೆ, ಗಾಳಿಯಾಡುವ ಕಡೆ ಚೀಲಗಳು ನಿಂತಿದ್ದವು. ಒಂದೊಂದಕ್ಕೂ ಕೊಳವೆ ಚುಚ್ಚಿ ನೋಡಿದೆ.

ಇಳಿದು ಬಂದಾಗ ರಂಗಮ್ಮ ದೊಡ್ಡ ಲೋಟದ ತುಂಬ ಆಗ ತಾನೆ ಕಾಯಿಸಿದ ಹಾಲು ಹಿಡಿದು ನಿಂತಿದ್ದರು.

"ಕುಡೀರಿ ಅಕ್ಕ."

"ಚೀಟಿ ಕೊಟ್ಟಿದ್ದೀನಲ್ಲ ರಂಗಮ್ಮ."

"ಚೀಟಿ ಓದಕ್ಕೆ ನಂಗೆ ಬರಲ್ಲ. ಮೊದಲ್ನೇದೂ ಚೀಟಿನೇ ಅಲ್ವಾ. ನೀವು ಕುಡೀರಿ, ನಾನು ನೋಡ್ತೀನಿ."

ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ಕಾಳು ಇಳಿಸಿಕೊಳ್ಳುವ ಮುಂಚೆ ನಾನು ಕೊಳವೆ ಚುಚ್ಚಿ ನೋಡುತ್ತೇನಲ್ಲ, ಹಾಗೆ ನನ್ನನ್ನು ನೋಡುತ್ತಿದ್ದರು. ಲೋಟ ತುಟಿಯ ಹತ್ತಿರ ಬಂದಾಗ ನನ್ನ ಕೈ ಒಂದು ಗಳಿಗೆ ತಡೆಯಿತು, ಸುಳ್ಳು ಹೇಳುವುದಿಲ್ಲ. ಹದಿನಾರು ಕಡೆ ತೆಗೆದೆನೇ, ಮೂಲೆ ಯಾವುದಾದರೂ ಬಿಟ್ಟೆನೇ, ಅಟ್ಟದ ಕೊನೆಯ ಚೀಲ ಚುಚ್ಚಿದೆನೇ ಎಂದು ಮನಸ್ಸಿನಲ್ಲೇ ಎಣಿಸಿದೆ. ಎಲ್ಲ ಲೆಕ್ಕಕ್ಕೆ ಸಿಕ್ಕಿತು. ಕುಡಿದೆ. ಕೆಳಗಿಡದೆ ಪೂರ್ತಿ ಕುಡಿದೆ. ಬೆಲ್ಲ, ಏಲಕ್ಕಿ ಹಾಕಿದ್ದರು, ಬಹಳ ರುಚಿಯಾಗಿತ್ತು.

ರಂಗಮ್ಮ ಖಾಲಿ ಲೋಟದೊಳಗೆ ಬಗ್ಗಿ ನೋಡಿ ಅದನ್ನು ಪಕ್ಕಕ್ಕಿಟ್ಟರು. ಅಡುಗೆಮನೆಗೆ ಹೋಗಿ ಇನ್ನೊಂದು ಲೋಟ ತುಂಬಿಕೊಂಡು, ಸೆರಗಿನಲ್ಲಿ ಮುಚ್ಚಿ, ಬಾಣಂತಿ ಕೋಣೆಯ ಬಾಗಿಲು ತಳ್ಳಿ, "ಏಳವ್ವ, ನಮ್ಮನೆ ಹಾಲು ತಂದಿದೀನಿ" ಎಂದು ಮಗಳನ್ನು ಎಬ್ಬಿಸಿದರು.